ಕೋಡ್ ಚಲಿಸುವ ಪರಿಸರ: ರನ್‌ಟೈಮ್ ಕುರಿತು ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಗ್ರಾಮಿಂಗ್ ಕಲಿಯಲು ತೊಡಗಿದವರನ್ನು ಮೊದಲ ಕೆಲವು ತಿಂಗಳು ಹೆಚ್ಚು ಕಾಡುವುದು ಭಾಷೆಯ ವ್ಯಾಕರಣಕ್ಕಿಂತಲೂ ಬರೆದ ಕೋಡ್ ಎಲ್ಲಿ, ಯಾವುದರ ಆಸರೆಯಲ್ಲಿ ಚಲಿಸುತ್ತದೆ ಎಂಬ ಗೊಂದಲ. ಲೂಪ್ ಸರಿಯಾಗಿದೆ, ಫಂಕ್ಷನ್ ಸರಿಯಾಗಿದೆ, ಆದರೂ ಪರದೆಯ ತುಂಬ ದೋಷದ ಸಂದೇಶ. ಆಗ ಕಲಿಯುವವರು ತಮ್ಮ ಕೋಡನ್ನೇ ಮತ್ತೆ ಮತ್ತೆ ತಿದ್ದುತ್ತ ಕೂರುತ್ತಾರೆ. ತಪ್ಪು ಇರುವುದು ಕೋಡಿನ ಹೊರಗೆ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಹೊರಗಿನ ಜಾಗಕ್ಕೆ ಸೇರಿದವು.

ರನ್‌ಟೈಮ್ ಎಂದರೆ ನಿಖರವಾಗಿ ಏನು? ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ.

ಎಲ್ಲರೂ ಹೇಳುವುದು ಸರಿಯೇ, ಏಕೆಂದರೆ ಈ ಒಂದೇ ಪದ ಮೂರು ಅರ್ಥಗಳಲ್ಲಿ ಬಳಕೆಯಲ್ಲಿದೆ. ಮೊದಲನೆಯದು ಕಾಲವನ್ನು ಸೂಚಿಸುತ್ತದೆ: ಪ್ರೋಗ್ರಾಂ ಚಲಿಸುತ್ತಿರುವ ಅವಧಿಯೇ ರನ್‌ಟೈಮ್, ಅದಕ್ಕೂ ಮೊದಲು, ಬರೆದ ಕೋಡನ್ನು ಯಂತ್ರಕ್ಕೆ ಹತ್ತಿರವಾದ ರೂಪಕ್ಕೆ ಬದಲಿಸುವ ಕಂಪೈಲರ್ ಕೆಲಸ ಮಾಡುವ ಅವಧಿ ಕಂಪೈಲ್ ಟೈಮ್. ಎರಡನೆಯ ಅರ್ಥದಲ್ಲಿ ಅದು ನಿಮ್ಮ ಕೋಡಿನ ಜೊತೆಗೆ ಸದ್ದಿಲ್ಲದೆ ಸೇರಿಕೊಳ್ಳುವ ಸಹಾಯಕ ಕೋಡ್. ಮೆಮೊರಿ ಕೊಡುವುದು, ಎಕ್ಸೆಪ್ಶನ್ (ಚಲಿಸುವಾಗ ಎದುರಾಗುವ ತೊಂದರೆಯ ಸೂಚನೆ) ಹಿಡಿಯುವುದು, ಪ್ರೋಗ್ರಾಂ ಮುಗಿದಾಗ ಚೊಕ್ಕ ಮಾಡುವುದು ಮುಂತಾದವು ಅದರ ಕೆಲಸ. ಮೂರನೆಯದು ಎಲ್ಲಕ್ಕಿಂತ ವಿಶಾಲವಾದದ್ದು: ಕೋಡ್ ಚಲಿಸಲು ಬೇಕಾದ ಇಡೀ ಪರಿಸರ, ಅಂದರೆ ಕೋಡನ್ನು ಓದಿ ನಡೆಸುವ ಪ್ರೋಗ್ರಾಂ (ಇಂಟರ್‌ಪ್ರಿಟರ್ ಅಥವಾ ವರ್ಚುವಲ್ ಮೆಷಿನ್), ಅದರ ಆವೃತ್ತಿ, ಲೈಬ್ರರಿಗಳು, ಆಪರೇಟಿಂಗ್ ಸಿಸ್ಟಂ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಮಿಗೆ ಹೊರಗಿನಿಂದ ಸಿಗುವ, ಹೆಸರಿಟ್ಟ ಮೌಲ್ಯಗಳು), ಪ್ರೋಗ್ರಾಂ ಯಾವ ಫೋಲ್ಡರಿನಿಂದ ಹೊರಟಿತು ಎಂಬುದೂ ಸೇರಿದಂತೆ. ಯಾರಾದರೂ ಈ ಪದ ಬಳಸಿದಾಗ ಅದು ಕಾಲವೋ, ಕೋಡೋ, ಪರಿಸರವೋ ಎಂದು ಮನಸ್ಸಿನಲ್ಲೇ ಕೇಳಿಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ನಾನು ಬರೆದ ಮೇನ್ ಫಂಕ್ಷನ್ನಿನಿಂದಲೇ ಪ್ರೋಗ್ರಾಂ ಆರಂಭವಾಗುತ್ತದೆ ಅಲ್ಲವೇ?

ಪಠ್ಯಪುಸ್ತಕಗಳು ಹಾಗೆ ಹೇಳುತ್ತವೆ; ಕಲಿಯುವ ಹಂತಕ್ಕೆ ಅಷ್ಟು ಸಾಕು ಕೂಡ. ಆದರೆ ಲಿನಕ್ಸ್‌ನಲ್ಲಿ ಒಂದು ಸಿ ಪ್ರೋಗ್ರಾಂ ಹೊರಡುವುದನ್ನು ಹತ್ತಿರದಿಂದ ನೋಡಿದರೆ ಕಥೆ ಇನ್ನಷ್ಟು ಹಿಂದಿನಿಂದ ಶುರುವಾಗುತ್ತದೆ. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ ಮೊದಲು ಫೈಲನ್ನು ಮೆಮೊರಿಗೆ ಜೋಡಿಸುತ್ತದೆ. ಪ್ರೋಗ್ರಾಂ ಹಂಚಿಕೆಯ ಲೈಬ್ರರಿಗಳನ್ನು ಅವಲಂಬಿಸಿದ್ದರೆ ಡೈನಮಿಕ್ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ ಅವುಗಳನ್ನು ಹುಡುಕಿ ಕೂಡಿಸುತ್ತದೆ. ಬಳಿಕ ಸ್ಟಾರ್ಟ್ ಎಂಬ, ನೀವು ಬರೆಯದ ಒಂದು ತುಣುಕು ಕೋಡ್ ಚಲಿಸಿ, ಸಿ ಲೈಬ್ರರಿಯನ್ನು ಸಿದ್ಧಗೊಳಿಸಿ, ಕಮಾಂಡ್ ಲೈನಿನಲ್ಲಿ ಕೊಟ್ಟ ಪದಗಳನ್ನು ಕೈಗೆತ್ತಿಕೊಂಡು, ಆಮೇಲಷ್ಟೇ ನಿಮ್ಮ ಮೇನ್ ಫಂಕ್ಷನ್ನನ್ನು ಕರೆಯುತ್ತದೆ.

ಮುಗಿಯುವಾಗಲೂ ಹೀಗೆಯೇ. ಮೇನ್ ಮರಳಿದ ಮೇಲೆ ಸಿ ಲೈಬ್ರರಿ ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಉಳಿದ ಅಕ್ಷರಗಳನ್ನು ಹೊರಗೆ ತಳ್ಳುತ್ತದೆ. ಪ್ರೋಗ್ರಾಂ ನಡುವೆಯೇ ಕುಸಿದು ಬಿದ್ದರೆ ಈ ಕೊನೆಯ ಹಂತ ನಡೆಯುವುದಿಲ್ಲ. ಆದ್ದರಿಂದಲೇ ಕುಸಿತಕ್ಕೆ ಮೊದಲು ಪ್ರಿಂಟ್‌ಎಫ್ ಮಾಡಿದ ಸಾಲು ಕೆಲವೊಮ್ಮೆ ಪರದೆಯ ಮೇಲೆ ಕಾಣುವುದಿಲ್ಲ. "ಆ ಸಾಲಿನವರೆಗೆ ಬಂದೇ ಇಲ್ಲ" ಎಂದು ತೀರ್ಮಾನಿಸಿ ತಪ್ಪು ಜಾಗದಲ್ಲಿ ದೋಷ ಹುಡುಕುತ್ತ ಅರ್ಧ ದಿನ ಕಳೆದವರಲ್ಲಿ ಈ ಉತ್ತರ ಬರೆಯುತ್ತಿರುವವನೂ ಒಬ್ಬ.

ಹಾಗಾದರೆ ಸಿ ಭಾಷೆಗೆ ರನ್‌ಟೈಮ್ ಇಲ್ಲ ಎಂದು ಹೇಳುವುದೇಕೆ?

ಇಲ್ಲವೆನ್ನುವಷ್ಟು ತೆಳ್ಳಗಿದೆ ಎಂಬ ಅರ್ಥದಲ್ಲಿ ಹಾಗೆ ಹೇಳುತ್ತಾರೆ. ಸಿ ಮತ್ತು ರಸ್ಟ್ ಭಾಷೆಗಳಲ್ಲಿ ಮೆಮೊರಿಯನ್ನು ಹಿಂದಿನಿಂದ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇಲ್ಲ. ಕಂಪೈಲ್ ಆದ ಫೈಲನ್ನು ಪ್ರೊಸೆಸರ್ ನೇರವಾಗಿ ಓದುತ್ತದೆ. ಗೋ ಭಾಷೆಯದು ನಡುವಿನ ದಾರಿ: ಅದಕ್ಕೆ ಗಾರ್ಬೇಜ್ ಕಲೆಕ್ಟರೂ ಇದೆ, ಗೋರುಟೀನ್‌ಗಳನ್ನು (ಒಟ್ಟೊಟ್ಟಿಗೆ ನಡೆಯುವ ಹಗುರ ಕೆಲಸಗಳನ್ನು) ಸರದಿಯಲ್ಲಿ ಓಡಿಸುವ ಶೆಡ್ಯೂಲರೂ ಇದೆ, ಆದರೆ ಅವೆರಡನ್ನೂ ಅದು ಕಂಪೈಲ್ ಆದ ಫೈಲಿನ ಒಳಗೇ ತುಂಬಿ ಕೊಡುತ್ತದೆ. ಒಂದು ಸಾಲು ಮುದ್ರಿಸುವ ಗೋ ಪ್ರೋಗ್ರಾಂ ಕೂಡ ಮೆಗಾಬೈಟ್ ಲೆಕ್ಕದಲ್ಲಿ ದಪ್ಪವಾಗಿರುವುದು ಇದರಿಂದಲೇ. ಪ್ರತಿಫಲವಾಗಿ, ಆ ಫೈಲನ್ನು ಅದೇ ಬಗೆಯ ಇನ್ನೊಂದು ಯಂತ್ರಕ್ಕೆ ನಕಲಿಸಿದರೆ ಅಲ್ಲಿ ಗೋ ಇಲ್ಲದಿದ್ದರೂ ಅದು ಚಲಿಸುತ್ತದೆ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳ ಹಾದಿ ಬೇರೆ: ಅವುಗಳ ರನ್‌ಟೈಮ್ ಸ್ವತಂತ್ರ ಪ್ರೋಗ್ರಾಂ ಆಗಿ ಮೊದಲೇ ಆ ಯಂತ್ರದಲ್ಲಿ ಇರಬೇಕು, ಇಲ್ಲವೇ ಪ್ರೋಗ್ರಾಮಿನ ಜೊತೆಗೇ ಕಟ್ಟಿ ಕಳುಹಿಸಬೇಕು.

ಪೈಥಾನ್ ಇಂಟರ್‌ಪ್ರಿಟೆಡ್ ಭಾಷೆ, ಜಾವಾ ಕಂಪೈಲ್ಡ್ ಭಾಷೆ ಎಂಬ ಮಾತು ಸರಿಯೇ?

ಪರೀಕ್ಷೆಯಲ್ಲಿ ಅಂಕ ಸಿಗುವಷ್ಟು ಸರಿ. ವಾಸ್ತವದಲ್ಲಿ ಎರಡೂ ಮೊದಲು ಬೈಟ್‌ಕೋಡ್ ಎಂಬ ನಡುಹಂತದ ರೂಪಕ್ಕೆ ಬರುತ್ತವೆ, ಎರಡರಲ್ಲೂ ಒಂದು ವರ್ಚುವಲ್ ಮೆಷಿನ್ ಆ ಬೈಟ್‌ಕೋಡನ್ನು ನಡೆಸುತ್ತದೆ. ಜಾವಾದಲ್ಲಿ ಕಂಪೈಲ್ ಮಾಡುವ ಕೆಲಸವನ್ನು ನೀವೇ ಆಜ್ಞೆ ಕೊಟ್ಟು ಮಾಡಿಸುವುದು ರೂಢಿ; ಪೈಥಾನ್ ಅದನ್ನು ನಿಮ್ಮನ್ನು ಕೇಳದೆ ಮಾಡಿ ಮುಗಿಸುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ತಾನಾಗಿ ಹುಟ್ಟಿಕೊಳ್ಳುವ ಪೈಕ್ಯಾಷ್ ಎಂಬ ಫೋಲ್ಡರ್ ಆ ಬೈಟ್‌ಕೋಡನ್ನು ಕಾದಿಡುವ ಜಾಗ, ಅದನ್ನು ಅಳಿಸಿದರೂ ನಷ್ಟವಿಲ್ಲ.

ನಿಜವಾದ ವ್ಯತ್ಯಾಸ ಆಮೇಲಿನದು. ಜಾವಾದ ಹಾಟ್‌ಸ್ಪಾಟ್ ವರ್ಚುವಲ್ ಮೆಷಿನ್, ಪ್ರೋಗ್ರಾಂ ಚಲಿಸುತ್ತಿರುವಾಗಲೇ ಯಾವ ಭಾಗಗಳು ಹೆಚ್ಚು ಸಲ ಕರೆಯಲ್ಪಡುತ್ತಿವೆ ಎಂದು ಗಮನಿಸಿ, ಅವುಗಳನ್ನು ಮಾತ್ರ ಪ್ರೊಸೆಸರ್ ನೇರವಾಗಿ ಓದಬಲ್ಲ ರೂಪಕ್ಕೆ ಇಳಿಸುತ್ತದೆ. ಇದನ್ನು ಜಸ್ಟ್ ಇನ್ ಟೈಮ್ ಕಂಪೈಲೇಶನ್, ಚುಟುಕಾಗಿ ಜಿಟ್ ಎನ್ನುತ್ತಾರೆ. ಕ್ರೋಮ್ ಬ್ರೌಸರಿನ ವಿ8 ಎಂಜಿನ್ ಜಾವಾಸ್ಕ್ರಿಪ್ಟಿಗೆ ಮಾಡುವುದೂ ಇದನ್ನೇ. ಹೆಚ್ಚಿನವರು ಬಳಸುವ ಪೈಥಾನ್ ರನ್‌ಟೈಮ್ ಆದ ಸಿಪೈಥಾನ್ ಬಹುಕಾಲ ಬೈಟ್‌ಕೋಡನ್ನು ಒಂದೊಂದಾಗಿ ಓದಿ ನಡೆಸುವುದಕ್ಕಷ್ಟೇ ನಿಂತಿತ್ತು. ಅದೇ ಭಾಷೆಗೆ ಪೈಪೈ ಎಂಬ ಬೇರೊಂದು ರನ್‌ಟೈಮ್ ಜಿಟ್ ಬಳಸುತ್ತದೆ. ಆದ್ದರಿಂದ ವೇಗವಾಗಲಿ ನಿಧಾನವಾಗಲಿ ಭಾಷೆಯದು ಎನ್ನುವುದಕ್ಕಿಂತ ಅದನ್ನು ನಡೆಸುವ ರನ್‌ಟೈಮಿನದು ಎನ್ನುವುದೇ ಹೆಚ್ಚು ನ್ಯಾಯ.

ಜೆಡಿಕೆ, ಜೆಆರ್‌ಇ, ಜೆವಿಎಂ: ಇವುಗಳಲ್ಲಿ ನನಗೆ ಯಾವುದು ಬೇಕು?

ಜೆಡಿಕೆ. ಜೆವಿಎಂ ಬೈಟ್‌ಕೋಡನ್ನು ನಡೆಸುವ ಯಂತ್ರ. ಅದಕ್ಕೆ ಜಾವಾದ ಸ್ವಂತ ಲೈಬ್ರರಿಗಳನ್ನು ಸೇರಿಸಿದರೆ ಜೆಆರ್‌ಇ. ಅದಕ್ಕೆ ಕಂಪೈಲರ್ ಮತ್ತಿತರ ಉಪಕರಣಗಳು ಸೇರಿದರೆ ಜೆಡಿಕೆ. 2018ರಲ್ಲಿ ಬಂದ ಜಾವಾ 11ರಿಂದ ಜಾವಾದ ಒಡೆತನವಿರುವ ಒರಾಕಲ್ ಕಂಪನಿ ಜೆಆರ್‌ಇಯನ್ನು ಪ್ರತ್ಯೇಕವಾಗಿ ಕೊಡುವುದನ್ನು ನಿಲ್ಲಿಸಿದ್ದರಿಂದ ಹಳೆಯ ಪಾಠಗಳಲ್ಲಿನ ಈ ಮೂರು ಪೆಟ್ಟಿಗೆಗಳ ಚಿತ್ರ ಈಗ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಉಪಯೋಗಕ್ಕೆ ಬರುವುದು ಇನ್ನೊಂದು ಸಂಗತಿ. ಹೊಸ ಜಾವಾದಲ್ಲಿ ಕಂಪೈಲ್ ಮಾಡಿದ ಕ್ಲಾಸ್ ಫೈಲನ್ನು ಹಳೆಯ ಜೆವಿಎಂ ಓದಲು ಒಪ್ಪುವುದಿಲ್ಲ, "ಬೆಂಬಲವಿಲ್ಲದ ಕ್ಲಾಸ್ ಆವೃತ್ತಿ" ಎಂದು ಗೊಣಗಿ 65, 61 ಎಂಬಂತಹ ಸಂಖ್ಯೆಗಳನ್ನು ತೋರಿಸುತ್ತದೆ. ಆ ಸಂಖ್ಯೆಯಿಂದ 44 ಕಳೆಯಿರಿ: 52 ಎಂದರೆ ಜಾವಾ 8, 61 ಎಂದರೆ ಜಾವಾ 17, 65 ಎಂದರೆ ಜಾವಾ 21. ಸಂದೇಶದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ಫೈಲಿನದು, ಇನ್ನೊಂದು ನಿಮ್ಮ ಯಂತ್ರದಲ್ಲಿರುವ ರನ್‌ಟೈಮ್ ಓದಬಲ್ಲ ಗರಿಷ್ಠ ಆವೃತ್ತಿಯದು. ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸದೆ, ಎರಡನ್ನೂ ಒಂದೇ ಆವೃತ್ತಿಗೆ ತಂದರೆ ಸಮಸ್ಯೆ ಮುಗಿಯುತ್ತದೆ.

ಬ್ರೌಸರಿನಲ್ಲಿ ಚೆನ್ನಾಗಿ ನಡೆಯುವ ಜಾವಾಸ್ಕ್ರಿಪ್ಟ್, ನೋಡ್‌ನಲ್ಲಿ "ಡಾಕ್ಯುಮೆಂಟ್ ಎಂಬುದು ಗೊತ್ತಿಲ್ಲ" ಎನ್ನುವುದೇಕೆ?

ರನ್‌ಟೈಮ್ ಎಂಬ ಕಲ್ಪನೆಯನ್ನು ಮನಗಾಣಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಜಾವಾಸ್ಕ್ರಿಪ್ಟ್ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಹುಟ್ಟಿತು. ಸುಮಾರು ಒಂದೂವರೆ ದಶಕ ಬಹುಪಾಲು ಬ್ರೌಸರಿನೊಳಗೇ ಉಳಿಯಿತು. 2009ರಲ್ಲಿ ರಯಾನ್ ಡಾಲ್ ಅವರು ಕ್ರೋಮ್‌ನ ವಿ8 ಎಂಜಿನನ್ನು ಬ್ರೌಸರಿನಿಂದ ಹೊರತಂದು, ಅದಕ್ಕೆ ಫೈಲ್ ಓದುವ, ನೆಟ್‌ವರ್ಕಿನಲ್ಲಿ ಮಾತಾಡುವ ಶಕ್ತಿ ಸೇರಿಸಿ ನೋಡ್ ಎಂಬ ರನ್‌ಟೈಮ್ ಕಟ್ಟಿದರು. ಎಂಜಿನ್ ಒಂದೇ, ಭಾಷೆಯೂ ಒಂದೇ, ಆದರೆ ಸುತ್ತಲಿನ ಸೌಕರ್ಯಗಳು ಬೇರೆ. ಡಾಕ್ಯುಮೆಂಟ್, ವಿಂಡೋ, ಅಲರ್ಟ್ ಇವೆಲ್ಲ ವೆಬ್ ಪುಟವೊಂದು ಎದುರಿಗಿರುವಾಗ ಬ್ರೌಸರ್ ಒದಗಿಸುವ ವಸ್ತುಗಳು. ಟರ್ಮಿನಲ್ಲಿನಲ್ಲಿ ಪುಟವೇ ಇಲ್ಲದಿರುವಾಗ ಅವು ಎಲ್ಲಿಂದ ಬರಬೇಕು? ಅದೇ ರೀತಿ ಡಿಸ್ಕಿನಲ್ಲಿರುವ ಯಾವುದೋ ಫೈಲನ್ನು ಬಳಕೆದಾರರನ್ನು ಕೇಳದೆ ತೆರೆಯುವ ಅಧಿಕಾರವನ್ನು ನೋಡ್ ಕೊಡುತ್ತದೆ, ಬ್ರೌಸರ್ ಕೊಡುವುದಿಲ್ಲ. ಅದು ಕೊರತೆಯಲ್ಲ, ಬೇಕೆಂದೇ ಹಾಕಿದ ಬೇಲಿ; ಇಲ್ಲದಿದ್ದರೆ ನೀವು ಭೇಟಿ ಕೊಟ್ಟ ಪ್ರತಿಯೊಂದು ಪುಟವೂ ನಿಮ್ಮ ಫೈಲುಗಳನ್ನು ಓದಬಹುದಿತ್ತು.

ಕೆಲವು ಹೆಸರುಗಳು ಎರಡೂ ಕಡೆ ಇವೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಸೆಟ್‌ಟೈಮ್‌ಔಟ್ ಎಂಬುದು ಜಾವಾಸ್ಕ್ರಿಪ್ಟ್ ಭಾಷೆಯ ಭಾಗವೆಂದೇ ಬಹುಪಾಲು ಜನ ಭಾವಿಸುತ್ತಾರೆ. ಭಾಷೆಯ ಅಧಿಕೃತ ನಿರೂಪಣೆಯಲ್ಲಿ ಅದು ಇಲ್ಲವೇ ಇಲ್ಲ. ಬ್ರೌಸರ್ ತನ್ನದನ್ನು ಕೊಡುತ್ತದೆ, ನೋಡ್ ತನ್ನದನ್ನು. ಬ್ರೌಸರಿನಲ್ಲಿ ಅದು ಒಂದು ಸಂಖ್ಯೆಯನ್ನು ಹಿಂದಿರುಗಿಸಿದರೆ, ನೋಡ್‌ನಲ್ಲಿ ಒಂದು ಆಬ್ಜೆಕ್ಟನ್ನು ಹಿಂದಿರುಗಿಸುತ್ತದೆ. ಕನ್ಸೋಲ್ ಕೂಡ ಹೀಗೆಯೇ ಹೊರಗಿನಿಂದ ಬಂದದ್ದು. ಈಗ ಡೆನೊ, ಬನ್ ಎಂಬ ರನ್‌ಟೈಮುಗಳೂ ಬಳಕೆಯಲ್ಲಿವೆ. ಬನ್ ವಿ8 ಬದಲು ಸಫಾರಿ ಬ್ರೌಸರಿನ ಎಂಜಿನನ್ನು ಆಧರಿಸಿದೆ. ಕಲಿಯುವ ಹಂತದಲ್ಲಿ ನೋಡ್ ಒಂದೇ ಸಾಕು.

ಫೈಲ್ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ. ಆದರೂ ಪ್ರೋಗ್ರಾಂ "ಫೈಲ್ ಸಿಗಲಿಲ್ಲ" ಎನ್ನುತ್ತದೆ. ಏನು ಮಾಡಲಿ?

ಪ್ರೋಗ್ರಾಂ ಹುಡುಕುತ್ತಿರುವುದು ನಿಮ್ಮ ಕೋಡ್ ಇರುವ ಫೋಲ್ಡರಿನಲ್ಲಿ ಅಲ್ಲ. ಹೊಸಬರ ತಪ್ಪು ತಿಳಿವಳಿಕೆಗಳಲ್ಲಿ ಇದೇ ಹೆಚ್ಚು ಸಮಯ ತಿನ್ನುವಂಥದ್ದು ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಚಲಿಸುವ ಪ್ರತಿಯೊಂದು ಪ್ರೋಗ್ರಾಮಿಗೂ ವರ್ಕಿಂಗ್ ಡೈರೆಕ್ಟರಿ ಎಂಬ ಒಂದು ನೆಲೆ ಇರುತ್ತದೆ. ನೀವು ಪೂರ್ತಿ ವಿಳಾಸ ಕೊಡದೆ ಬರೀ "ಅಂಕಗಳು" ಎಂಬ ಹೆಸರಿನ ಫೈಲನ್ನು ತೆರೆ ಎಂದರೆ, ಆಪರೇಟಿಂಗ್ ಸಿಸ್ಟಂ ಅದನ್ನು ಆ ನೆಲೆಯಿಂದ ಹುಡುಕುತ್ತದೆ. ನೆಲೆಯನ್ನು ನಿರ್ಧರಿಸುವುದು ಕೋಡ್ ಫೈಲ್ ಇರುವ ಜಾಗವಲ್ಲ, ಪ್ರೋಗ್ರಾಮನ್ನು ಯಾರು, ಎಲ್ಲಿ ನಿಂತು ಹೊರಡಿಸಿದರು ಎಂಬುದು. ಟರ್ಮಿನಲ್ಲಿನಲ್ಲಿ ನೀವು ಮೇಲಿನ ಫೋಲ್ಡರಿನಲ್ಲಿ ನಿಂತು ಒಳಗಿನ ಫೈಲನ್ನು ನಡೆಸಿದರೆ ನೆಲೆ ಮೇಲಿನ ಫೋಲ್ಡರೇ ಆಗುತ್ತದೆ. ಎಡಿಟರಿನ ರನ್ ಗುಂಡಿ ಒತ್ತಿದರೆ ನೆಲೆಯನ್ನು ಎಡಿಟರ್ ಆರಿಸುತ್ತದೆ: ವಿಎಸ್ ಕೋಡ್ ಸಾಮಾನ್ಯವಾಗಿ ನೀವು ತೆರೆದಿಟ್ಟ ಪ್ರಾಜೆಕ್ಟ್ ಫೋಲ್ಡರಿನಿಂದ ಹೊರಡಿಸುತ್ತದೆ, ಪೈಚಾರ್ಮ್ ಕೋಡ್ ಫೈಲ್ ಇರುವ ಫೋಲ್ಡರಿನಿಂದ. ಒಂದೇ ಪ್ರೋಗ್ರಾಂ ಒಂದು ಎಡಿಟರಿನಲ್ಲಿ ನಡೆದು ಇನ್ನೊಂದರಲ್ಲಿ ಮುಗ್ಗರಿಸುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಮೊದಲು ನೆಲೆ ಯಾವುದೆಂದು ಮುದ್ರಿಸಿ ನೋಡಿ. ಪೈಥಾನ್‌ನಲ್ಲಿ ಓಎಸ್ ಮಾಡ್ಯೂಲಿನ ಗೆಟ್‌ಸಿಡಬ್ಲ್ಯುಡಿ, ನೋಡ್‌ನಲ್ಲಿ ಪ್ರಾಸೆಸ್ ಎಂಬುದರ ಸಿಡಬ್ಲ್ಯುಡಿ ಅದನ್ನು ಹೇಳುತ್ತವೆ. ಕೋಡಿನ ಪಕ್ಕದಲ್ಲೇ ಇರುವ ಫೈಲು ಯಾವಾಗಲೂ ಸಿಗಬೇಕೆಂದಿದ್ದರೆ, ಕೋಡ್ ಫೈಲಿನ ಸ್ವಂತ ವಿಳಾಸವನ್ನು ರನ್‌ಟೈಮಿನಿಂದಲೇ ಕೇಳಿ ಪಡೆದು, ಅದಕ್ಕೆ ಹೆಸರನ್ನು ಜೋಡಿಸಿ ಪೂರ್ತಿ ವಿಳಾಸ ಕಟ್ಟಿಕೊಳ್ಳಿ. ನಿಮ್ಮ ಹೋಮ್ ಫೋಲ್ಡರಿನ ಹೆಸರನ್ನೇ ಕೋಡಿನೊಳಗೆ ಕೆತ್ತಿಬಿಡುವುದು ಸುಲಭದ ಉಪಾಯವಾಗಿ ಕಂಡರೂ, ಆ ಕೋಡ್ ಇನ್ನೊಬ್ಬರ ಯಂತ್ರಕ್ಕೆ ಹೋದ ದಿನವೇ ಮುರಿಯುತ್ತದೆ.

ಪಿಪ್ (ಪೈಥಾನ್‌ಗೆ ಲೈಬ್ರರಿ ಹಾಕುವ ಉಪಕರಣ) ಬಳಸಿ ಲೈಬ್ರರಿ ಹಾಕಿದ್ದೇನೆ, "ಯಶಸ್ವಿ" ಎಂದೂ ಬಂತು. ಇಂಪೋರ್ಟ್ ಮಾಡಿದರೆ "ಅಂಥ ಮಾಡ್ಯೂಲ್ ಇಲ್ಲ" ಎನ್ನುತ್ತದೆಯಲ್ಲ?

ನಿಮ್ಮ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಪೈಥಾನ್ ಇವೆ. ಪಿಪ್ ಒಂದಕ್ಕೆ ಲೈಬ್ರರಿ ಹಾಕಿತು, ಕೋಡ್ ಇನ್ನೊಂದರಲ್ಲಿ ಚಲಿಸಿತು. ಆಪರೇಟಿಂಗ್ ಸಿಸ್ಟಂ ತನಗಾಗಿ ಇಟ್ಟುಕೊಂಡದ್ದು ಒಂದು, ನೀವು ಡೌನ್‌ಲೋಡ್ ಮಾಡಿದ್ದು ಒಂದು, ಅನಕೊಂಡ ಎಂಬ ಪೈಥಾನ್ ಕಟ್ಟಿನ ಜೊತೆ ಬಂದದ್ದು ಇನ್ನೊಂದು, ಹೀಗೆ ಮೂರು ನಾಲ್ಕು ಸೇರುವುದು ಅಪರೂಪವಲ್ಲ. ನೀವು ಪೈಥಾನ್ ಎಂದು ಟೈಪ್ ಮಾಡಿದಾಗ ಅವುಗಳಲ್ಲಿ ಯಾವುದು ಏಳುತ್ತದೆ ಎಂಬುದನ್ನು ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ತೀರ್ಮಾನಿಸುತ್ತದೆ. ಅದು ಫೋಲ್ಡರುಗಳ ಒಂದು ಸಾಲು. ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಆ ಸಾಲನ್ನು ಮೊದಲಿನಿಂದ ಹುಡುಕುತ್ತ ಹೋಗಿ ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ಸಾಲಿನಲ್ಲಿ ಎಲ್ಲಿಯೂ ಸಿಗದಿದ್ದರೆ "ಕಮಾಂಡ್ ಸಿಗಲಿಲ್ಲ" ಎಂಬ ಪರಿಚಿತ ಉತ್ತರ.

ಸಿಸ್ ಮಾಡ್ಯೂಲಿನ ಎಕ್ಸಿಕ್ಯೂಟಬಲ್ ಎಂಬ ಮೌಲ್ಯವನ್ನು ಮುದ್ರಿಸಿದರೆ ಈ ಕ್ಷಣ ಚಲಿಸುತ್ತಿರುವ ಪೈಥಾನ್ ಯಾವುದೆಂದು ಅನುಮಾನವಿಲ್ಲದೆ ತಿಳಿಯುತ್ತದೆ. ಪಿಪ್ ಅನ್ನು ನೇರವಾಗಿ ಕರೆಯುವ ಬದಲು, ಪೈಥಾನ್ ಆಜ್ಞೆಗೆ ಮೈನಸ್ ಎಂ ಸೇರಿಸಿ ಅದರ ಮೂಲಕ ಪಿಪ್ ಕರೆಯುವ ಅಭ್ಯಾಸ ಮಾಡಿಕೊಂಡರೆ ಲೈಬ್ರರಿ ಸರಿಯಾದ ಮನೆಗೇ ಹೋಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿಯೊಂದು ಪ್ರಾಜೆಕ್ಟಿಗೂ ಅದರದೇ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ಇದಕ್ಕೆ ಬೇಕಾದ ವಿಎನ್ವ್ ಮಾಡ್ಯೂಲ್ 2012ರ ಪೈಥಾನ್ 3.3ರಿಂದಲೇ ಭಾಷೆಯ ಜೊತೆ ಬರುತ್ತಿದೆ. ಹೆಸರು ದೊಡ್ಡದಾಗಿದ್ದರೂ ಅದು ಒಂದು ಫೋಲ್ಡರ್ ಅಷ್ಟೇ, ಅದನ್ನು ಸಕ್ರಿಯಗೊಳಿಸುವುದೆಂದರೆ ಮುಖ್ಯವಾಗಿ ಪಾತ್ ಸಾಲಿನ ಮೊದಲಿಗೆ ಅದನ್ನು ತಂದು ನಿಲ್ಲಿಸುವುದು. ಕೆಟ್ಟರೆ ಅಳಿಸಿ ಹೊಸದಾಗಿ ಮಾಡಿಕೊಳ್ಳಬಹುದು.

ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆಯುವುದು ಸರ್ವರಿನಲ್ಲಿ ನಡೆಯದಿರಲು ಇನ್ನೇನು ಕಾರಣಗಳಿರಬಹುದು?

ಆವೃತ್ತಿಯ ವ್ಯತ್ಯಾಸ ಮೊದಲ ಸಂಶಯಿತ. ಪೈಥಾನ್ 3.10ರಲ್ಲಿ ಬಂದ ಮ್ಯಾಚ್ ಹೇಳಿಕೆಯನ್ನು 3.9ಕ್ಕೆ ಕೊಟ್ಟರೆ ಅದು ವ್ಯಾಕರಣ ದೋಷ ಎನ್ನುತ್ತದೆ. ಓದುವವರಿಗೆ ತಮ್ಮ ವ್ಯಾಕರಣವೇ ತಪ್ಪಿರಬೇಕೆಂದು ತೋರುತ್ತದೆ. ಎರಡನೆಯದು ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದ. ವಿಂಡೋಸ್ ಮತ್ತು ಮ್ಯಾಕ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಇವೆರಡೂ ಒಂದೇ, ಲಿನಕ್ಸ್ ಸರ್ವರಿನಲ್ಲಿ ಬೇರೆ ಬೇರೆ. ಇಂಗ್ಲಿಷ್ ಹೆಸರಿನ ಮೊದಲಕ್ಷರ ದೊಡ್ಡದಿದ್ದ ಫೈಲನ್ನು ಸಣ್ಣಕ್ಷರದಲ್ಲಿ ಇಂಪೋರ್ಟ್ ಮಾಡಿದ ತಪ್ಪು ತಿಂಗಳುಗಟ್ಟಲೆ ಅಡಗಿದ್ದು ಸರ್ವರಿಗೆ ಹೋದ ಮೊದಲ ನಿಮಿಷದಲ್ಲೇ ತಲೆಯೆತ್ತುತ್ತದೆ.

ಮೂರನೆಯದು ಅಕ್ಷರಗಳ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ; ಅದು ಕನ್ನಡದಲ್ಲಿ ಬರೆಯುವವರಿಗೆ ಬೇಗ ಎದುರಾಗುತ್ತದೆ. "ಕನ್ನಡ" ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರಗಳು ಕಂಡರೂ ಯೂನಿಕೋಡ್ ಲೆಕ್ಕದಲ್ಲಿ ಅವು ಐದು ಸಂಕೇತಗಳು, ಯುಟಿಎಫ್-8ರಲ್ಲಿ 15 ಬೈಟ್‌ಗಳು. ಪೈಥಾನ್‌ನಲ್ಲಿ ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ, ಬಹಳ ಕಾಲದಿಂದ ನಡೆದುಬಂದ ರೂಢಿಯಂತೆ ರನ್‌ಟೈಮ್ ಆಪರೇಟಿಂಗ್ ಸಿಸ್ಟಮಿನ ಆಯ್ಕೆಯನ್ನೇ ಅನುಸರಿಸುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8, ವಿಂಡೋಸ್‌ನಲ್ಲಿ ಬಹುಮಟ್ಟಿಗೆ ಬೇರೆಯದು. ಹಾಗಾಗಿ ಒಂದೆಡೆ ಸರಿಯಾಗಿ ಓದಿದ ಕನ್ನಡ ಇನ್ನೊಂದೆಡೆ ಚಿತ್ರವಿಚಿತ್ರ ಚಿಹ್ನೆಗಳಾಗುತ್ತದೆ. ಫೈಲ್ ತೆರೆಯುವಾಗಲೆಲ್ಲ ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳಿ.

ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೂ ಮರೆಯಬಾರದು. ಡೇಟಾಬೇಸಿನ ವಿಳಾಸ, ಗುಪ್ತ ಕೀಲಿ ಮುಂತಾದವನ್ನು ಅವುಗಳಲ್ಲಿ ಇಡುವುದು ರೂಢಿ, ಅವು ಸರ್ವರಿಗೆ ತಾವಾಗಿ ಹೋಗುವುದಿಲ್ಲ. ಅವುಗಳ ಮೌಲ್ಯ ಯಾವಾಗಲೂ ಪಠ್ಯವೇ ಎಂಬುದನ್ನೂ ಗಮನಿಸಿ: "ಫಾಲ್ಸ್" ಎಂದು ಬರೆದಿಟ್ಟರೆ ರನ್‌ಟೈಮಿಗೆ ಅದು ಖಾಲಿಯಲ್ಲದ ಒಂದು ಪದ, ಆದ್ದರಿಂದ ಷರತ್ತಿನಲ್ಲಿ ನೇರವಾಗಿ ಪರೀಕ್ಷಿಸಿದರೆ ಪೈಥಾನ್ ಅದನ್ನು ನಿಜವೆಂದೇ ಎಣಿಸುತ್ತದೆ.

ಹಾಗಾದರೆ ಈಗಲೇ ಡಾಕರ್ ಕಲಿಯಬೇಕೇ?

ಬೇಡ, ಸ್ವಲ್ಪ ಕಾಯಿರಿ. 2013ರಲ್ಲಿ ಹೊರಬಂದ ಡಾಕರ್ ಮೇಲಿನ ಕಾರಣಗಳಲ್ಲಿ ಬಹುಪಾಲನ್ನು ನಿವಾರಿಸುತ್ತದೆ ನಿಜ: ಕೋಡಿನ ಜೊತೆಗೆ ಅದರ ರನ್‌ಟೈಮ್, ಲೈಬ್ರರಿ, ಫೈಲ್ ವ್ಯವಸ್ಥೆಗಳನ್ನು ಒಂದೇ ಕಟ್ಟಿನಲ್ಲಿ ಕಳುಹಿಸಬಹುದು; ಆ ಕಟ್ಟು ಚಲಿಸುವಾಗ ಅದನ್ನು ಕಂಟೇನರ್ ಎನ್ನುತ್ತಾರೆ. ಇಡೀ ಕಂಪ್ಯೂಟರನ್ನೇ ಅನುಕರಿಸುವ (ಜಾವಾದ್ದಕ್ಕಿಂತ ಬೇರೆ ಬಗೆಯ) ವರ್ಚುವಲ್ ಮೆಷಿನ್ನಿನಂತೆ ಪ್ರತಿ ಕಂಟೇನರಿಗೂ ಪ್ರತ್ಯೇಕ ಕರ್ನೆಲ್ ಇರುವುದಿಲ್ಲ, ಎಲ್ಲವೂ ಒಂದೇ ಕರ್ನೆಲ್ಲನ್ನು ಹಂಚಿಕೊಳ್ಳುವುದರಿಂದ ಅವು ಹಗುರ. ಆದರೆ ವರ್ಕಿಂಗ್ ಡೈರೆಕ್ಟರಿ, ಪಾತ್, ಎನ್ವಿರಾನ್‌ಮೆಂಟ್ ವೇರಿಯಬಲ್ ಇವು ಅರ್ಥವಾಗದೆ ಡಾಕರ್ ಫೈಲ್ ಬರೆಯಲು ಕೂತರೆ ಅದರ ಒಂದೊಂದು ಸಾಲೂ ಮಂತ್ರದಂತೆ ಕಾಣುತ್ತದೆ.

ರನ್‌ಟೈಮ್ ಎರರ್ ಎಂದರೆ ರನ್‌ಟೈಮಿನಲ್ಲಿ ದೋಷವಿದೆ ಎಂದೇ?

ಅಲ್ಲ. ಇಲ್ಲಿ ಪದ ಮೊದಲನೆಯ ಅರ್ಥದಲ್ಲಿದೆ, ಚಲಿಸುವ ಹೊತ್ತಿನಲ್ಲಿ ಬಯಲಾದ ದೋಷ ಎಂದಷ್ಟೇ. ಸೊನ್ನೆಯಿಂದ ಭಾಗಿಸುವುದು, ಪಟ್ಟಿಯಲ್ಲಿ ಇಲ್ಲದ ಹತ್ತನೆಯ ಅಂಶವನ್ನು ಕೇಳುವುದು ಇಂಥವು. ರನ್‌ಟೈಮಿನಲ್ಲೇ ನಿಜವಾದ ದೋಷಗಳು ಇರುವುದುಂಟು, ಆದರೆ ಮೊದಲ ವರ್ಷದಲ್ಲಿ ಅಂಥದ್ದನ್ನು ಕಂಡುಹಿಡಿದೆನೆಂದು ಅನ್ನಿಸಿದರೆ ಇನ್ನೊಮ್ಮೆ ಪರಿಶೀಲಿಸುವುದು ಒಳಿತು.

ಗಾರ್ಬೇಜ್ ಕಲೆಕ್ಟರ್ ಇದ್ದ ಮೇಲೆ ಮೆಮೊರಿಯ ಬಗ್ಗೆ ನಾನೇಕೆ ಯೋಚಿಸಬೇಕು?

ಯಾರೂ ಹಿಡಿದುಕೊಳ್ಳದೆ ಬಿಟ್ಟ ವಸ್ತುವನ್ನು ಮಾತ್ರ ಅದು ಗುಡಿಸುತ್ತದೆ. ಗ್ಲೋಬಲ್ ಪಟ್ಟಿಯೊಂದಕ್ಕೆ ಸೇರಿಸುತ್ತಲೇ ಹೋದರೆ, ನಿಮಗೆ ಅವು ಬೇಡವಾದರೂ ರನ್‌ಟೈಮಿನ ದೃಷ್ಟಿಯಲ್ಲಿ ಅವು ಬಳಕೆಯಲ್ಲಿರುವ ವಸ್ತುಗಳೇ. ಫಂಕ್ಷನ್ ಕರೆಗಳ ಲೆಕ್ಕ ಇಡುವ ಸ್ಟ್ಯಾಕ್ ಎಂಬ ಜಾಗದ ಮಿತಿಯೂ ಇದೆ: ಸಿಪೈಥಾನ್ ಒಂದರೊಳಗೊಂದು ಕರೆಗಳನ್ನು ಸಾಮಾನ್ಯವಾಗಿ 1000ದ ಆಸುಪಾಸಿನಲ್ಲಿ ನಿಲ್ಲಿಸಿ ರಿಕರ್ಶನ್ ದೋಷ ತೋರಿಸುತ್ತದೆ. ನಿಲುಗಡೆಯ ಷರತ್ತು ಮರೆತ ಫಂಕ್ಷನ್ ಇಡೀ ಪ್ರಕ್ರಿಯೆಯನ್ನೇ ಕೆಡವದಂತೆ ಇಟ್ಟ ಕಾವಲು ಅದು. ಮಿತಿಯನ್ನು ಹೆಚ್ಚಿಸುವ ಮೊದಲು ಷರತ್ತನ್ನು ನೋಡಿಕೊಳ್ಳಿ.

ಯಾವ ಆವೃತ್ತಿಯನ್ನು ಹಾಕಿಕೊಳ್ಳುವುದು ಸೂಕ್ತ?

ದೀರ್ಘಾವಧಿ ಬೆಂಬಲವಿರುವುದನ್ನು. ಜಾವಾದಲ್ಲಿ 17, 21, 25 ಅಂಥವು. ನೋಡ್‌ನ ತಾಣದಲ್ಲಿ ಎಲ್‌ಟಿಎಸ್ ಎಂಬ ಗುರುತಿರುವುದು. ಪೈಥಾನ್‌ನ ಪ್ರತಿ ಆವೃತ್ತಿಗೆ ಸುಮಾರು ಐದು ವರ್ಷ ಬೆಂಬಲ ಸಿಗುತ್ತದೆ. ಪಾಠವೊಂದರಲ್ಲಿ ಪ್ರಿಂಟ್ ಪದದ ಮುಂದೆ ಆವರಣ ಚಿಹ್ನೆಗಳೇ ಇಲ್ಲದಿದ್ದರೆ ಅದು ಪೈಥಾನ್ 2ರ ಕಾಲದ್ದು; ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಬೇರೆ ಪಾಠ ಹುಡುಕಿಕೊಳ್ಳಿ.

ದೋಷದ ಬಗ್ಗೆ ಬೇರೆಯವರ ಸಹಾಯ ಕೇಳುವಾಗ ಏನೇನು ತಿಳಿಸಬೇಕು?

ರನ್‌ಟೈಮಿನ ಹೆಸರು ಮತ್ತು ನಿಖರ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ನೀವು ಕೊಟ್ಟ ಆಜ್ಞೆ ಅಕ್ಷರಶಃ, ಅದನ್ನು ಯಾವ ಫೋಲ್ಡರಿನಲ್ಲಿ ನಿಂತು ಕೊಟ್ಟಿರಿ, ಮತ್ತು ದೋಷ ಸಂದೇಶದ ಪೂರ್ತಿ ಪಠ್ಯ. ಪೈಥಾನ್‌ನಲ್ಲಿ ಸಂದೇಶದ ಮುಖ್ಯ ವಾಕ್ಯ ಕೊನೆಯ ಸಾಲಿನಲ್ಲಿರುತ್ತದೆ, ಜಾವಾದಲ್ಲಿ ಮೊದಲ ಸಾಲಿನಲ್ಲಿ, ಅಥವಾ ಕೆಳಗೆ "ಇದರಿಂದ ಉಂಟಾಯಿತು" ಎಂದು ಶುರುವಾಗುವ ಸಾಲಿನಲ್ಲಿ. ಪರದೆಯ ಫೋಟೊ ತೆಗೆದು ಕಳುಹಿಸುವುದಕ್ಕಿಂತ ಪಠ್ಯವನ್ನೇ ನಕಲಿಸಿ ಕಳುಹಿಸಿ. ಓದುವವರು ಅದರ ಒಂದು ತುಣುಕನ್ನು ಎತ್ತಿ ಹುಡುಕಬೇಕಾಗುತ್ತದೆ, ಫೋಟೊದಿಂದ ಅದು ಸುಲಭವಲ್ಲ. ಗುಪ್ತ ಕೀಲಿಗಳಿದ್ದರೆ ಕಳುಹಿಸುವ ಮೊದಲು ಅಳಿಸಿರಿ.